ಪೂರ್ವ ಆಫ್ರಿಕಾದ ಸಣ್ಣ ಹಿಡುವಳಿಗಳಲ್ಲಿ ಸಾವಯವ ಬೇಸಾಯವನ್ನು ಬೇರೂರಿಸುವ ಕ್ರಮ

ಆಫ್ರಿಕಾದಲ್ಲಿ ಸಾವಯವ ಕೃಷಿಯನ್ನು ಹರಡಲು ಹೊರಡುವವರು, ಅವರು ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತರಾಗಿರಲಿ, ಕೃಷಿ ಪದವಿ ಮುಗಿಸಿ ಅಲ್ಲಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ತರುಣರಾಗಿರಲಿ, ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಹಾರಾದ ದಕ್ಷಿಣಕ್ಕಿರುವ ದೇಶಗಳಲ್ಲಿ ಹೆಕ್ಟೇರಿಗೆ ಬಳಕೆಯಾಗುವ ರಾಸಾಯನಿಕ ಪೋಷಕಾಂಶ ಸರಾಸರಿ ಸುಮಾರು 20 ಕಿಲೋ ಮಾತ್ರ. ಜಗತ್ತಿನ ಸರಾಸರಿ ಇದರ ಹಲವು ಪಟ್ಟು. ಇದನ್ನು 2015ರೊಳಗೆ 50 ಕಿಲೋಗೆ ಏರಿಸಬೇಕೆಂದು 2006ರಲ್ಲಿ ನೈಜೀರಿಯದ ರಾಜಧಾನಿ ಅಬುಜಾದಲ್ಲಿ ಸೇರಿದ ಆಫ್ರಿಕದ ನಾಯಕರು ಗುರಿ ಹಾಕಿಕೊಂಡಿದ್ದರಾದರೂ ಅದು ಕೈಗೂಡಲಿಲ್ಲ. ಹೀಗಿರುವಾಗ ಪಶ್ಚಿಮ ಕೆನ್ಯದ ಒಂದೆರಡು ಎಕರೆಯ ರೈತ ಮಹಿಳೆಯ ಮುಂದೆ ನಿಂತು ರಾಸಾಯನಿಕ ಗೊಬ್ಬರವನ್ನು ತ್ಯಜಿಸಿ ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಆಕೆ ಹಾಕುವುದೇ ಅಷ್ಟಕ್ಕಷ್ಟೆ. ಆದರೆ ಹಾಕದಿರುವುದೇ ಸಾವಯವ ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಏನನ್ನೂ ಹಿಂದಿರುಗಿಸದೆ ವರ್ಷಕ್ಕೆರಡು ಬೆಳೆ ತೆಗೆಯುವ ಹೊಲ ಸಾವಯವ ಹೊಲವಲ್ಲ, ಸೊರಗುತ್ತಿರುವ ಹೊಲ.

ಆದ್ದರಿಂದ ಆ ರೈತರನ್ನು ಈಗಾಗಲೇ ಕಾಡುತ್ತಿರುವ ಒಂದು ತೊಂದರೆಯನ್ನು ಹಿಡಿದು, ಅದನ್ನು ಪರಿಸರದೊಳಗಿನ ಉಪಾಯದಿಂದಲೇ ಬಿಡಿಸಿ ತೋರಿಸಬೇಕು. ಪ್ರಮಾಣಪತ್ರ, ಮುದ್ರೆ, ರಫ್ತು ಇವೆಲ್ಲ ಆಮೇಲಿನ ಮಾತು. ಅನೇಕ ಯೋಜನೆಗಳು ಈ ಕ್ರಮವನ್ನು ತಲೆಕೆಳಗು ಮಾಡಿ, ಪ್ರಮಾಣಪತ್ರದ ಖರ್ಚನ್ನು ದಾನಿಗಳಿಂದ ಭರಿಸಿ, ದಾನಿಗಳು ಹೋದ ಮರುವರ್ಷವೇ ಮುಗಿದುಹೋಗುತ್ತವೆ.

ತೊಂದರೆಯನ್ನು ಆರಿಸುವುದು

ಹಳ್ಳಿಯನ್ನು ಸುತ್ತಿ ಮೂರು ಪ್ರಶ್ನೆಗಳನ್ನು ಕೇಳಿದರೆ ದಾರಿ ಕಾಣುತ್ತದೆ: ಬೆಳೆಯನ್ನು ಹಾಳು ಮಾಡುತ್ತಿರುವುದು ಯಾವುದು, ದನಕ್ಕೆ ಯಾವ ತಿಂಗಳಲ್ಲಿ ಮೇವಿಲ್ಲ, ಮನೆಯ ಧಾನ್ಯ ಯಾವ ತಿಂಗಳಿಗೆ ಮುಗಿಯುತ್ತದೆ. ವಿಕ್ಟೋರಿಯಾ ಸರೋವರದ ಸುತ್ತಲಿನ ಮುಸುಕಿನ ಜೋಳದ (ಮುಂದೆ ಬರಿಯ ಜೋಳ ಎಂದರೂ ಇದೇ) ಸೀಮೆಯಲ್ಲಿ ಮೊದಲ ಪ್ರಶ್ನೆಗೆ ಬರುವ ಉತ್ತರ ಬಹುತೇಕ ಒಂದೇ, ಸ್ಟ್ರೈಗಾ. ಲುವೊ ಭಾಷೆಯಲ್ಲಿ ಇದನ್ನು ಕಯೊಂಗೊ ಎನ್ನುತ್ತಾರೆ. ನೋಡಲು ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಹೂವಿನ ಚೆಂದದ ಗಿಡ. ನೆಲದೊಳಗೆ ಜೋಳದ ಬೇರಿಗೆ ಬಾಯಿ ಹಾಕಿ ನೀರನ್ನೂ ಸಾರವನ್ನೂ ಹೀರುವ ಪರಾವಲಂಬಿ. ಅದು ನೆಲದ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಹಾನಿಯಾಗಿ ಮುಗಿದಿರುತ್ತದೆ. ಒಂದೊಂದು ಗಿಡ ಹತ್ತಾರು ಸಾವಿರ ದೂಳಿನಂಥ ಬೀಜಗಳನ್ನು ಉದುರಿಸುತ್ತದೆ, ಆ ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದು. ಇದರ ಜೊತೆಗೆ ಕಾಂಡಕೊರಕ ಹುಳು. 2016ರಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಬಂದಿಳಿದು ಖಂಡವನ್ನೆಲ್ಲ ವ್ಯಾಪಿಸಿದ ಫಾಲ್ ಸೈನಿಕ ಹುಳು. ಈ ಎರಡನೆಯದರ ಪರಿಚಯ ನಮಗೂ ಉಂಟು, ಭಾರತದಲ್ಲಿ ಅದು 2018ರಲ್ಲಿ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿಯೇ.

ಈ ಕಳೆಗೂ ಹುಳುಗಳಿಗೂ ಒಟ್ಟಾಗಿ ಉತ್ತರ ಕೊಡುವ ಪದ್ಧತಿ ಪುಶ್-ಪುಲ್, ಅಂದರೆ ಒಂದು ಕಡೆಯಿಂದ ಅಟ್ಟಿ ಇನ್ನೊಂದು ಕಡೆಗೆ ಸೆಳೆಯುವ ಉಪಾಯ. ನೈರೋಬಿಯಲ್ಲಿ 1970ರಲ್ಲಿ ಥಾಮಸ್ ಒಡಿಯಾಂಬೊ ಸ್ಥಾಪಿಸಿದ ಇಸಿಪೆ ಎಂಬ ಕೀಟ ಸಂಶೋಧನಾ ಕೇಂದ್ರದ ಎಂಬಿಟಾ ಪ್ರಯೋಗಕ್ಷೇತ್ರದಲ್ಲಿ, ಭಾರತ ಮೂಲದ ಕೀಟತಜ್ಞ ಜಿಯಾವುರ್ ಖಾನ್ ಮತ್ತು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೇಂದ್ರದ ಜಾನ್ ಪಿಕೆಟ್ ಅವರ ತಂಡಗಳು ಇದನ್ನು 1990ರ ದಶಕದಲ್ಲಿ ರೂಪಿಸಿದವು. ಹೆಕ್ಟೇರಿಗೆ ಒಂದು ಟನ್ ಆಸುಪಾಸಿನಲ್ಲಿದ್ದ ಜೋಳದ ಇಳುವರಿ ಮೂರು ಟನ್ ದಾಟಿದ ಹೊಲಗಳು ಆ ಭಾಗದಲ್ಲಿ ಸಾಕಷ್ಟಿವೆ. ಪ್ರಚಾರಕ್ಕೆ ಆರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಆರಂಭ ಆ ಸೀಮೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದು ಕಳೆ, ಹುಳು, ಸಾರಜನಕ, ಮೇವು ನಾಲ್ಕನ್ನೂ ಒಂದೇ ಹೊಲದಲ್ಲಿ ಮುಟ್ಟುತ್ತದೆ.

ಪುಶ್-ಪುಲ್ ಹೊಲವನ್ನು ಹಾಕುವುದು

ಹೊಲದ ಸುತ್ತ ಮೂರು ಸಾಲು ನೇಪಿಯರ್ ಹುಲ್ಲನ್ನು, ಅಂದರೆ ನಾವು ಆನೆಹುಲ್ಲು ಎನ್ನುವುದನ್ನು, ಬದುವಿನಂತೆ ನೆಡಬೇಕು. ಮಳೆ ಕಡಿಮೆ ಇರುವಲ್ಲಿ ಇದಕ್ಕೆ ಬದಲಾಗಿ ಮುಲಾಟೊ ಎಂಬ ಬ್ರಾಕಿಯಾರಿಯ ಹುಲ್ಲಿನ ತಳಿಯನ್ನು ಬಳಸುತ್ತಾರೆ. ಹುಲ್ಲಿಗೂ ಜೋಳದ ಮೊದಲ ಸಾಲಿಗೂ ನಡುವೆ ಒಂದು ಮೀಟರ್ ಜಾಗ ಬಿಡಬೇಕು, ಇಲ್ಲವಾದರೆ ಹುಲ್ಲಿನ ನೆರಳು ಜೋಳವನ್ನು ಅದುಮುತ್ತದೆ. ಜೋಳವನ್ನು ಎಂದಿನಂತೆ ಸಾಲಿನಿಂದ ಸಾಲಿಗೆ 75 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿ, ಎರಡು ಸಾಲುಗಳ ನಟ್ಟನಡುವೆ ಡೆಸ್ಮೋಡಿಯಮ್ ಎಂಬ ದ್ವಿದಳ ಬಳ್ಳಿಯನ್ನು ಬಿತ್ತಬೇಕು. ಅಕ್ಕಡಿ ಬೆಳೆ ಹಾಕಿ ರೂಢಿಯಿರುವ ಕೈಗೆ ಇದೇನೂ ಕಷ್ಟವಲ್ಲ. ಆದರೆ ಡೆಸ್ಮೋಡಿಯಮ್ ಬೀಜ ತೀರ ಸಣ್ಣದು. ಹೆಂಟೆಗಳಿರುವ ಹೊಲದಲ್ಲಿ ಅದು ಮೇಲೇಳುವುದಿಲ್ಲ. ಮಣ್ಣನ್ನು ರಾಗಿ ಬಿತ್ತುವ ಹದಕ್ಕೆ ಪುಡಿ ಮಾಡಿ, ಬೀಜವನ್ನು ನುಣ್ಣನೆಯ ಮರಳಿನೊಡನೆ ಬೆರೆಸಿ, ಒಂದೆರಡು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗದಂತೆ ಗೆರೆಯಲ್ಲಿ ಉದುರಿಸಿ ತೆಳುವಾಗಿ ಮುಚ್ಚಬೇಕು.

ಮೊದಲ ಹಂಗಾಮಿನಲ್ಲಿ ಕೆಲಸ ಕೆಡುವುದು ಕಳೆ ತೆಗೆಯುವಾಗ. ಡೆಸ್ಮೋಡಿಯಮ್ ಸಸಿ ನಿಧಾನವಾಗಿ ಬೆಳೆಯುವ, ಮೂರು ಎಲೆಯ, ಮೊದಮೊದಲು ಕಳೆಯಂತೆಯೇ ಕಾಣುವ ಸಸಿ. ಕೂಲಿಗೆ ಬಂದವರಿಗೆ ಅದನ್ನು ತೋರಿಸದೆ ಹೊಲಕ್ಕೆ ಇಳಿಸಿದರೆ ಒಂದೇ ಬೆಳಗಿನಲ್ಲಿ ಎಲ್ಲವನ್ನೂ ಕೆರೆದು ಹಾಕಿರುತ್ತಾರೆ. ಆದ್ದರಿಂದ ಮೂರನೆಯ ವಾರದ ಕಳೆ ತೆಗೆಯುವ ದಿನ ಪ್ರಚಾರಕರು ಸ್ವತಃ ಹೊಲದಲ್ಲಿರಬೇಕು, ಸಾಲಿನ ಎರಡೂ ತುದಿಗೆ ಕಡ್ಡಿ ನೆಟ್ಟು ಗುರುತಿಡಬೇಕು. ಒಮ್ಮೆ ನೆಲ ಹಿಡಿದ ಮೇಲೆ ಅದು ವರ್ಷಗಟ್ಟಲೆ ಉಳಿಯುವ ಬಳ್ಳಿ. ಪ್ರತಿ ಹಂಗಾಮಿನಲ್ಲೂ ಅದನ್ನು ಕತ್ತರಿಸಿ ದನಕ್ಕೆ ಹಾಕಿ, ನಡುವಿನ ಜಾಗದಲ್ಲಿ ಜೋಳ ಬಿತ್ತಿದರಾಯಿತು.

ಇದು ಹೇಗೆ ಕೆಲಸ ಮಾಡುತ್ತದೆಂದು ರೈತರು ಕೇಳಿಯೇ ಕೇಳುತ್ತಾರೆ, ಸರಿಯಾದ ಉತ್ತರ ಕೊಡಲು ಗೊತ್ತಿರಬೇಕು. ಡೆಸ್ಮೋಡಿಯಮ್ ಬೇರು ಸೂಸುವ ರಸ ಸ್ಟ್ರೈಗಾ ಬೀಜವನ್ನು ಮೊಳೆಯಿಸುತ್ತದೆ, ಆದರೆ ಮೊಳೆತ ಬೇರು ಜೋಳಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ. ಹೀಗೆ ಮೊಳೆತು ಸಾಯುತ್ತ ಸಾಯುತ್ತ ಮಣ್ಣಿನಲ್ಲಿರುವ ಬೀಜದ ದಾಸ್ತಾನೇ ಹಂಗಾಮಿನಿಂದ ಹಂಗಾಮಿಗೆ ಕರಗುತ್ತದೆ. ಇನ್ನು ಕಾಂಡಕೊರಕದ ಪತಂಗ ಮೊಟ್ಟೆಯಿಡಲು ಜೋಳಕ್ಕಿಂತ ನೇಪಿಯರ್ ಹುಲ್ಲನ್ನೇ ಹೆಚ್ಚು ಇಷ್ಟಪಡುತ್ತದೆ. ಅಲ್ಲಿ ಮರಿಹುಳು ಕೊರೆಯತೊಡಗಿದಾಗ ಹುಲ್ಲು ಒಸರುವ ಅಂಟಿಗೆ ಸಿಕ್ಕಿ ಬಹುಪಾಲು ಸಾಯುತ್ತವೆ. ಡೆಸ್ಮೋಡಿಯಮ್ ವಾಸನೆ ಪತಂಗವನ್ನು ಅಟ್ಟುತ್ತದೆ ಎಂಬುದು ಮೊದಲಿನಿಂದ ಕೊಟ್ಟ ವಿವರಣೆ. ಅದರ ಎಲೆ, ಕಾಂಡಗಳ ಮೇಲಿನ ಸೂಕ್ಷ್ಮ ಕೊಕ್ಕೆಗೂದಲುಗಳು ಹುಳುಗಳನ್ನು ಹಿಡಿದು ಗಾಯಗೊಳಿಸುತ್ತವೆ ಎಂದು ಈಚಿನ ಅಧ್ಯಯನಗಳು ಹೇಳುತ್ತಿವೆ. ಎಲೆಯನ್ನು ಕಿತ್ತು ಅಂಗಿಯ ತೋಳಿಗೆ ಒತ್ತಿದರೆ ಅದು ಬೀಳದೆ ಅಂಟಿಕೊಂಡೇ ಇರುತ್ತದೆ. ಹೊಲದಲ್ಲಿ ಇದನ್ನು ಮಾಡಿ ತೋರಿಸಿ, ಅರ್ಧ ಗಂಟೆಯ ಭಾಷಣ ಉಳಿಯುತ್ತದೆ.

ಪ್ರಾತ್ಯಕ್ಷಿಕೆಗೆ ದಿನ ಗೊತ್ತುಮಾಡುವಾಗ ಕೊಯ್ಲಿನ ದಿನಕ್ಕಿಂತ ಸ್ಟ್ರೈಗಾ ಹೂಬಿಡುವ ವಾರವನ್ನು ಆರಿಸಬೇಕು. ಒಂದೇ ರೈತರ ಜಮೀನಿನಲ್ಲಿ ಪುಶ್-ಪುಲ್ ಮಡಿಯ ಪಕ್ಕಕ್ಕೇ ಎಂದಿನ ಪದ್ಧತಿಯ ಮಡಿಯೂ ಇದ್ದರೆ, ನೇರಳೆ ಹೂವು ಎಲ್ಲಿ ನಿಂತಿದೆ, ಎಲ್ಲಿ ಇಲ್ಲ ಎಂಬುದು ಬದುವಿನ ಮೇಲೆ ನಿಂತವರಿಗೆಲ್ಲ ಕಾಣುತ್ತದೆ.

ಮಣ್ಣಿಗೆ ಹಿಂದಿರುಗಿಸುವುದು

ದ್ವಿದಳ ಬಳ್ಳಿಯಿಂದ ಸಾರಜನಕ ಬಂತು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಪಶ್ಚಿಮ ಕೆನ್ಯದ ಅನೇಕ ಕಡೆ ಮಣ್ಣಿನಲ್ಲಿ ನಿಜವಾದ ಕೊರತೆ ರಂಜಕದ್ದು. ಬದುಗಳ ಮೇಲೆ ಹಳದಿ ಹೂ ಬಿಡುವ ಟಿಥೋನಿಯಾ ಅಲ್ಲಿ ಎಲ್ಲೆಲ್ಲೂ ಬೆಳೆಯುತ್ತದೆ. ಅದರ ಎಳೆಯ ಎಲೆ ಸಾರಜನಕ, ಪೊಟ್ಯಾಷ್ ಎರಡರಲ್ಲೂ ಸಮೃದ್ಧವಾಗಿದ್ದು ಒಂದೆರಡು ವಾರದಲ್ಲೇ ಕೊಳೆಯುವುದರಿಂದ ಅತ್ಯುತ್ತಮ ಹಸಿರೆಲೆ ಗೊಬ್ಬರ. ಆದರೆ ಇದೂ ಅದೇ ಮಣ್ಣಿನ ರಂಜಕವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆಯೇ ಹೊರತು ಹೊಸದಾಗಿ ತರುವುದಿಲ್ಲ. ಸಾವಯವ ನಿಯಮಗಳು ಒಪ್ಪುವ ಶಿಲಾರಂಜಕ, ಅಂದರೆ ರಂಜಕವಿರುವ ಕಲ್ಲಿನ ಪುಡಿ, ಉತ್ತರ ಟಾಂಜಾನಿಯಾದ ಮಿಂಜಿಂಗು ಗಣಿಯಲ್ಲಿ ಸಿಗುತ್ತದೆ. ಅದನ್ನು ಒಬ್ಬೊಬ್ಬರೇ ತರಿಸಿದರೆ ಸಾಗಣೆಯೇ ದುಬಾರಿಯಾಗುತ್ತದೆ, ಗುಂಪಾಗಿ ತರಿಸಿ ಕಾಂಪೋಸ್ಟಿಗೆ ಬೆರೆಸಿ ಬಳಸುವುದು ಮೇಲು. ಈ ಮಾತನ್ನು ಪ್ರಚಾರದ ಕರಪತ್ರಗಳು ಹೆಚ್ಚಾಗಿ ಹೇಳುವುದಿಲ್ಲ. ಹೇಳದೆ ಬಿಟ್ಟಲ್ಲಿ ಕೆಲವು ವರ್ಷದಲ್ಲಿ ಇಳುವರಿ ನಿಂತುಹೋಗಿ ಸಾವಯವಕ್ಕೇ ಕೆಟ್ಟ ಹೆಸರು ಬರುತ್ತದೆ.

ಕಾಂಪೋಸ್ಟಿನ ವಿಷಯದಲ್ಲಿ ಕಲಿಯಬೇಕಾದುದು ಇಥಿಯೋಪಿಯಾದ ಟಿಗ್ರೆ ಪ್ರಾಂತ್ಯದಿಂದ. ಅಲ್ಲಿ 1996ರಲ್ಲಿ ವಿಜ್ಞಾನಿ ತೆವೋಲ್ಡೆ ಬರ್ಹಾನ್ ಗೆಬ್ರೆ ಎಗ್ಜಿಯಾಬೆರ್ ಮತ್ತು ಸೂ ಎಡ್ವರ್ಡ್ಸ್ ಅವರ ಮುಂದಾಳತ್ವದಲ್ಲಿ ಕೆಲವೇ ಹಳ್ಳಿಗಳಲ್ಲಿ ಕೆಲಸ ಆರಂಭವಾಗಿ, ಕಾಂಪೋಸ್ಟ್ ಹಾಕಿದ ಹೊಲಗಳ ಇಳುವರಿ ರಾಸಾಯನಿಕ ಹಾಕಿದ ಹೊಲಗಳಿಗೆ ಸರಿಸಮನಾಗಿ, ಕೆಲವು ಕಡೆ ಹೆಚ್ಚಾಗಿ ಬಂದದ್ದನ್ನು ರೈತರ ಎದುರಿಗೇ ಅಳೆದು ತೋರಿಸಲಾಯಿತು. ಅವರ ಜಾಣತನವಿದ್ದದ್ದು ಕಾಲದ ಆಯ್ಕೆಯಲ್ಲಿ. ಒಣ ಸೀಮೆಯಲ್ಲಿ ಬೇಸಿಗೆಯಲ್ಲಿ ಗುಂಡಿ ತುಂಬಲು ಹೋದರೆ ಹಸಿರೂ ಇಲ್ಲ, ನೀರೂ ಇಲ್ಲ. ಮಳೆ ಮುಗಿಯುವ ಹೊತ್ತಿಗೆ, ಬದುವಿನ ತುಂಬ ಕಳೆ ಬೆಳೆದು ನೆಲ ಇನ್ನೂ ಒದ್ದೆಯಿರುವಾಗ ಗುಂಡಿ ತುಂಬಿದರೆ ಎರಡೂ ಬಿಟ್ಟಿಯಾಗಿ ಸಿಗುತ್ತವೆ. ಒಣ ಕಡ್ಡಿ ಕಸದ ಒಂದು ಪದರ, ಹಸಿ ಕಳೆಯ ಒಂದು ಪದರ, ಮೇಲೆ ಸಗಣಿ ಮತ್ತು ಮಣ್ಣಿನ ತೆಳು ಪದರ, ಹೀಗೆ ಗುಂಡಿ ತುಂಬುವವರೆಗೆ ಹಾಕಿ, ನಡುವೆ ಉದ್ದನೆಯ ಕೋಲೊಂದನ್ನು ನೆಟ್ಟು, ಮೇಲೆ ಮಣ್ಣು ಮೆತ್ತಿ ಮುಚ್ಚಬೇಕು. ಕೆಲವು ದಿನ ಬಿಟ್ಟು ಕೋಲನ್ನು ಎಳೆದು ನೋಡಬೇಕು. ಕೋಲು ಬೆಚ್ಚಗೆ, ಒದ್ದೆಯಾಗಿದ್ದರೆ ಕೆಲಸ ನಡೆಯುತ್ತಿದೆ. ಒಣಗಿ ಬಿಳಿ ಬೂಷ್ಟು ಹಿಡಿದಿದ್ದರೆ ನೀರು ಬೇಕು. ಮೂಗಿಗೆ ಕೊಳೆತ ನಾತ ಹೊಡೆದರೆ ನೀರು ಹೆಚ್ಚಾಗಿದೆ, ಗುಂಡಿಯನ್ನು ಮಗುಚಿ ಹಾಕಬೇಕು. ಓದು ಬರಹ ಬಾರದವರಿಗೂ ಈ ಪರೀಕ್ಷೆ ಸಾಕು.

ಆದರೂ ಟಿಗ್ರೆಯಂಥ ಕಡೆ ಸಗಣಿ ಒಲೆಗೆ ಹೋಗುತ್ತದೆ, ಕೊಯ್ಲಾದ ಮೇಲೆ ಊರಿನ ದನವೆಲ್ಲ ಎಲ್ಲರ ಹೊಲಕ್ಕೂ ನುಗ್ಗಿ ಕೂಳೆಯನ್ನು ಮೇಯುತ್ತದೆ. ಒಬ್ಬ ರೈತ ತನ್ನ ಹೊಲದಲ್ಲಿ ಹೊದಿಕೆ ಉಳಿಸಿಕೊಳ್ಳಬೇಕೆಂದರೂ ಊರು ಒಪ್ಪದೆ ಆಗದು. ಆದ್ದರಿಂದ ಗುಂಡಿ ತೋಡಿಸುವ ಮೊದಲು ಊರ ಹಿರಿಯರನ್ನು ಕೂರಿಸಿ, ಬಿಡು ಮೇಯಿಸುವುದಕ್ಕೆ ಗಡಿ ಹಾಕುವ ಕಟ್ಟಳೆಯನ್ನು ಊರೇ ಮಾಡಿಕೊಳ್ಳುವಂತೆ ನೋಡಿಕೊಳ್ಳಬೇಕು.

ಮಲಾವಿಯಲ್ಲಿ ಬೇರೊಂದು ಉಪಾಯ ಹೊಂದುತ್ತದೆ. ಉತ್ತರದ ಎಕ್ವೆಂಡೇನಿ ಸುತ್ತಿನ ಹಳ್ಳಿಗಳಲ್ಲಿ ಶೇಂಗಾ ಮತ್ತು ತೊಗರಿಯನ್ನು ಒಂದೇ ಹೊಲದಲ್ಲಿ ಬೆಳೆದು, ಎರಡರ ಎಲೆ ಕಡ್ಡಿಯನ್ನೂ ಮಣ್ಣಿಗೆ ಸೇರಿಸಿ, ಮರುವರ್ಷ ಜೋಳ ಹಾಕುತ್ತಾರೆ. ತೊಗರಿ ಮೊದಲ ತಿಂಗಳುಗಳಲ್ಲಿ ನಿಧಾನವಾಗಿ ಬೆಳೆಯುವುದರಿಂದ ಶೇಂಗಾಕ್ಕೆ ಅಡ್ಡಿಯಾಗದು. ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಣ ಸೀಮೆಗಳಲ್ಲಿ

ಸಹಾರಾದ ಅಂಚಿನ ಸಹೇಲ್ ಪ್ರದೇಶದಲ್ಲಿ ನೀರೇ ಮೊದಲ ಸಮಸ್ಯೆ. ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಡೋಗೊ ಸುಧಾರಿಸಿ ಹರಡಿದ ಜಾಯ್ ಗುಣಿಗಳಲ್ಲಿ, ಬೇಸಿಗೆಯಲ್ಲೇ ಗಟ್ಟಿ ನೆಲಕ್ಕೆ 20ರಿಂದ 30 ಸೆಂಟಿಮೀಟರ್ ಅಗಲದ, ಒಂದು ಗೇಣಿನಷ್ಟು ಆಳದ ಗುಣಿ ತೋಡಿ, ಹಿಡಿಗೊಬ್ಬರ ಹಾಕಿ ಮಳೆಗೆ ಕಾಯುತ್ತಾರೆ. ಗೊಬ್ಬರಕ್ಕೆ ಬರುವ ಗೆದ್ದಲು ಕೊರೆದ ಸುರಂಗಗಳ ಮೂಲಕ ಮೊದಲ ಮಳೆಯ ನೀರು ಒಳಗಿಳಿಯುತ್ತದೆ. ಹಾವೇರಿ ಕಡೆಯ ಗುಳಿ ರಾಗಿಯನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಗುಣಿ ತೋಡುವುದು ಮೈಮುರಿಯುವ ಕೆಲಸವಾದ್ದರಿಂದ, ಆಳು ಇಲ್ಲದ ಮನೆಗಳಿಗೆ ಮುಯ್ಯಾಳಿನ ಏರ್ಪಾಟು ಮಾಡದೆ ಇದನ್ನು ಹೇರಬಾರದು.

ನೈಜರ್‌ನ ಮರಾಡಿ ಭಾಗದಲ್ಲಿ 1983ರಿಂದ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಮತ್ತು ಅಲ್ಲಿನ ರೈತರು ಹೊಸ ಗಿಡ ನೆಡುವ ಬದಲು, ಹೊಲದಲ್ಲೇ ಉಳಿದಿದ್ದ ಮರದ ಬುಡಗಳ ಚಿಗುರನ್ನು ಆರಿಸಿ ಬೆಳೆಸಿದರು. ಮುಂದೆ ಇದು ಸುಮಾರು 50 ಲಕ್ಷ ಹೆಕ್ಟೇರಿಗೆ ಹಬ್ಬಿತು. ಇದು ಹಬ್ಬಿದ್ದಕ್ಕೆ ತಾಂತ್ರಿಕ ಕಾರಣದಷ್ಟೇ ದೊಡ್ಡದು ಹಕ್ಕಿನ ಕಾರಣ: ಹೊಲದ ಮರ ಸರ್ಕಾರದ್ದು ಎಂಬ ಹಳೆಯ ಕಟ್ಟಳೆ ಸಡಿಲವಾಗಿ, ಬೆಳೆಸಿದವರೇ ಕಡಿಯಬಹುದು ಎಂಬ ಧೈರ್ಯ ಬಂದ ಮೇಲೆಯೇ ರೈತರು ಚಿಗುರನ್ನು ಉಳಿಸಿದರು.

ಯಾರ ಜೊತೆ ಮಾತನಾಡಬೇಕು

ಹಕ್ಕಿನ ಬಗ್ಗೆ ಮೇಲೆ ಹೇಳಿದ ಮಾತು ಹೆಂಗಸರಿಗೂ ಅನ್ವಯಿಸುತ್ತದೆ. ಹೊಲದ ಕೆಲಸದಲ್ಲಿ ದೊಡ್ಡ ಪಾಲು ಅವರದು, ಜಮೀನು ಮಾತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿ. ಡೆಸ್ಮೋಡಿಯಮ್ ಆಗಲಿ, ಕಾಂಪೋಸ್ಟ್ ಆಗಲಿ ಎರಡು ಮೂರು ಹಂಗಾಮು ಕಳೆದ ಮೇಲೆ ಫಲ ಕೊಡುವಂಥದು. ಮುಂದಿನ ವರ್ಷ ಈ ತುಂಡು ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಎಂಬ ಅನುಮಾನವಿರುವವರು ಅದಕ್ಕೆ ಬೆವರು ಸುರಿಸುವುದಿಲ್ಲ. ಗೇಣಿ ಜಮೀನಾದರೆ ಕನಿಷ್ಠ ಮೂರು ವರ್ಷದ ಲಿಖಿತ ಒಪ್ಪಂದವನ್ನು ಮೊದಲು ಮಾಡಿಸಬೇಕು. ಮನೆಯೊಳಗೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಮೇವು ಹೆಚ್ಚಾಗಿ ಬರುವ ಹಾಲಿನ ಹಣ ಯಾರ ಕೈಗೆ ಎಂಬುದನ್ನೂ ಕೇಳಬೇಕು. ಅಧಿಕಪ್ರಸಂಗ ಎನಿಸಬಹುದು, ಆದರೆ ಆ ಹಣ ಹೊಲದಲ್ಲಿ ದುಡಿದವಳಿಗೆ ಸಿಗದಿದ್ದರೆ ಮರು ಹಂಗಾಮಿಗೆ ಬಳ್ಳಿಯೂ ಇರುವುದಿಲ್ಲ.

ಕಲಿಸುವುದಕ್ಕೆ ಹೊರಗಿನ ತಜ್ಞರಿಗಿಂತ ಪಕ್ಕದೂರಿನ ರೈತರು ಮೇಲು. ಇಪ್ಪತ್ತು ಮೂವತ್ತು ಜನರ ಗುಂಪು ಹಂಗಾಮಿನುದ್ದಕ್ಕೂ ಒಂದೇ ಹೊಲದಲ್ಲಿ ಸೇರಿ ನೋಡಿ, ಎಣಿಸಿ, ಚರ್ಚಿಸುವ ಕ್ಷೇತ್ರ ಪಾಠಶಾಲೆಯ ಕ್ರಮ ಪೂರ್ವ ಆಫ್ರಿಕಾದಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಲೆಕ್ಕ ಬರೆಯುವಾಗ ಜೋಳದ ಚೀಲವನ್ನಷ್ಟೇ ಎಣಿಸದೆ ಹಾಲು, ಹುಲ್ಲು, ಕಳೆಗೆ ಉಳಿದ ಕೂಲಿ, ಕೊಳ್ಳದೆ ಉಳಿದ ಗೊಬ್ಬರ ಎಲ್ಲವನ್ನೂ ಬರೆಯಿಸಬೇಕು. ಇಳುವರಿಯ ಬಗ್ಗೆ ಆಸೆ ಹುಟ್ಟಿಸುವುದರಲ್ಲಿ ಸಂಯಮವಿರಲಿ. ಕೆನ್ಯದ ಥಿಕಾ ಮತ್ತು ಚುಕಾದಲ್ಲಿ 2007ರಿಂದ ನಡೆದಿರುವ ದೀರ್ಘಾವಧಿ ಪ್ರಯೋಗದಲ್ಲಿ ಸಾಕಷ್ಟು ಗೊಬ್ಬರ ಪಡೆದ ಸಾವಯವ ಮಡಿಗಳು ರಾಸಾಯನಿಕ ಮಡಿಗಳನ್ನು ಸರಿಗಟ್ಟಿದ್ದು ಕೆಲವು ವರ್ಷಗಳ ಬಳಿಕ.

ಮುದ್ರೆ ಮತ್ತು ಮಾರುಕಟ್ಟೆ

ಮನೆಯ ಊಟಕ್ಕೆ ಬೆಳೆಯುವ ಜೋಳಕ್ಕೆ ಪ್ರಮಾಣಪತ್ರ ಬೇಕಿಲ್ಲ. ಮಾರುವ ತರಕಾರಿ, ಹಣ್ಣು, ಎಳ್ಳು, ಕಾಫಿ ಇದ್ದಾಗ ಮಾತ್ರ ಆ ವಿಚಾರ. ಪೂರ್ವ ಆಫ್ರಿಕಾದ ದೇಶಗಳು 2007ರಲ್ಲಿ ಒಂದೇ ಸಾವಯವ ಮಾನದಂಡವನ್ನು ಒಪ್ಪಿಕೊಂಡು ಕಿಲಿಮೋಹೈ ಎಂಬ ಸಮಾನ ಮುದ್ರೆಯನ್ನು ತಂದವು. ನೈರೋಬಿ, ಕಂಪಾಲ, ದಾರ್ ಎಸ್ ಸಲಾಮ್ ಪೇಟೆಗಳಲ್ಲಿ ಮಾರುವವರು ದುಬಾರಿ ತಪಾಸಣೆಯಿಲ್ಲದೆ, ರೈತರ ಗುಂಪೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಕ್ರಮದ ಮೂಲಕವೂ ಆ ಮುದ್ರೆಯನ್ನು ಪಡೆಯಬಹುದು. ನಮ್ಮಲ್ಲಿಯೂ ಪಿಜಿಎಸ್ ಇರುವುದರಿಂದ ಕಾಗದಪತ್ರದ ಸ್ವರೂಪ ಪರಿಚಿತವೇ. ಗುಂಪು ಚಿಕ್ಕದಿದ್ದು, ಸದಸ್ಯರು ಪರಸ್ಪರ ನಡೆದು ಹೋಗುವ ದೂರದಲ್ಲಿದ್ದರೆ ಪರಿಶೀಲನೆ ನಿಜವಾಗಿ ನಡೆಯುತ್ತದೆ.

ಯುರೋಪಿಗೆ ಕಳುಹಿಸುವುದಾದರೆ ಲೆಕ್ಕ ಬೇರೆ. ಯುರೋಪಿಯನ್ ಒಕ್ಕೂಟದ ಹೊಸ ನಿಯಮದಂತೆ ಒಂದು ರೈತ ಗುಂಪಿನಲ್ಲಿ 2,000ಕ್ಕಿಂತ ಹೆಚ್ಚು ಸದಸ್ಯರು ಇರುವಂತಿಲ್ಲ, ಗುಂಪಿಗೆ ಸ್ವಂತ ಕಾನೂನುಬದ್ಧ ಅಸ್ತಿತ್ವವಿರಬೇಕು. ರಫ್ತು ಕಂಪನಿಯ ಹೆಸರಿನಲ್ಲಿ ಸಾವಿರಾರು ರೈತರನ್ನು ಸೇರಿಸುವ ಹಳೆಯ ವ್ಯವಸ್ಥೆ ಇನ್ನು ನಡೆಯದು. ನಾಲ್ಕು ಲಕ್ಷಕ್ಕೂ ಹೆಚ್ಚು ಸಾವಯವ ರೈತರಿರುವ ಉಗಾಂಡಾದಂಥ ದೇಶಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ಅದೇ ಉಗಾಂಡಾದ ಉತ್ತರ ಭಾಗದಲ್ಲಿ 2008ರಲ್ಲಿ ಮಲೇರಿಯಾ ತಡೆಗೆಂದು ಮನೆಗಳೊಳಗೆ ಡಿಡಿಟಿ ಸಿಂಪಡಿಸಿದಾಗ ಸಾವಯವ ಹತ್ತಿ, ಎಳ್ಳಿನ ಖರೀದಿಗೆ ಪೆಟ್ಟು ಬಿದ್ದು ವಿಷಯ ನ್ಯಾಯಾಲಯಕ್ಕೆ ಹೋಯಿತು. ರೈತರು ಬೆಳೆಯನ್ನು ಕೂಡಿಡುವುದು ಹೆಚ್ಚಾಗಿ ಮಲಗುವ ಮನೆಯಲ್ಲೇ. ಆದ್ದರಿಂದ ಗುಂಪಿಗೆ ಪ್ರತ್ಯೇಕ ಉಗ್ರಾಣ ಕಟ್ಟಿಸುವುದು, ಜಿಲ್ಲಾ ಆರೋಗ್ಯ ಕಚೇರಿಗೆ ಸಾವಯವ ಹಳ್ಳಿಗಳ ಪಟ್ಟಿಯನ್ನು ಮುಂಚಿತವಾಗಿ ಕೊಡುವುದು ಪ್ರಮಾಣಪತ್ರದಷ್ಟೇ ಮುಖ್ಯ.

ಒಂದೇ ಕೊಳ್ಳುಗರನ್ನು ನೆಚ್ಚುವುದೂ ಅಪಾಯ. 2017ರಲ್ಲಿ ಭಾರತ ತೊಗರಿ ಆಮದಿಗೆ ಮಿತಿ ಹಾಕಿದಾಗ, ನಮ್ಮ ಬೇಳೆಗೆಂದೇ ತೊಗರಿ ಹೆಚ್ಚಿಸಿದ್ದ ಮೊಜಾಂಬಿಕ್, ಮಲಾವಿ, ಟಾಂಜಾನಿಯಾಗಳಲ್ಲಿ ಬೆಲೆ ನೆಲಕಚ್ಚಿತು. ಕಲಬುರಗಿಯ ರೈತನ ಹಿತಕ್ಕೆ ತೆಗೆದುಕೊಂಡ ತೀರ್ಮಾನ ಅದು, ಆದರೆ ಅದರ ಬಿಸಿ ತಟ್ಟಿದ್ದು ಅವನಷ್ಟೇ ಬಡವನಿಗೆ. ಮನೆಯವರೂ ಸ್ಥಳೀಯ ಸಂತೆಯೂ ಕೊಳ್ಳದ ಬೆಳೆಗೆ ಹೊಲದ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ ಎಂದು ಸಲಹೆ ಮಾಡುವುದು ಕ್ಷೇಮ.

ಸರ್ಕಾರದ ಬಾಗಿಲಲ್ಲಿ

ಆಫ್ರಿಕನ್ ಒಕ್ಕೂಟದ ಕಾರ್ಯಕಾರಿ ಮಂಡಳಿ ಸಾವಯವ ಕೃಷಿಯನ್ನು ಬೆಂಬಲಿಸಿ ನಿರ್ಣಯ ಕೈಗೊಂಡಿದೆ. ಅದರ ಬೆನ್ನಿಗೆ 2011ರಲ್ಲಿ ಕೆನ್ಯದ ಥಿಕಾದಲ್ಲಿ ಪರಿಸರಸ್ನೇಹಿ ಸಾವಯವ ಕೃಷಿಯ ಖಂಡಮಟ್ಟದ ಕಾರ್ಯಕ್ರಮಕ್ಕೆ ರೂಪರೇಖೆ ಸಿದ್ಧವಾಯಿತು. ಉಗಾಂಡಾ ರಾಷ್ಟ್ರೀಯ ಸಾವಯವ ನೀತಿಯನ್ನೂ ಹೊರತಂದಿದೆ. ಈ ಕಾಗದಗಳನ್ನು ಜಿಲ್ಲಾ ಮಟ್ಟದ ಅಧಿಕಾರಿಗಳು ನೋಡಿರುವುದು ಅಪರೂಪ, ಅರ್ಜಿಯೊಡನೆ ಪ್ರತಿ ಲಗತ್ತಿಸಿದರೆ ಮಾತು ಸುಲಭವಾಗುತ್ತದೆ. ಕೇಳುವಾಗ ಗೊಬ್ಬರ ಸಹಾಯಧನವನ್ನು ರದ್ದು ಮಾಡಿ ಎಂದು ಕೇಳಬಾರದು. ಅದೇ ಸಹಾಯಧನದಲ್ಲಿ ಶಿಲಾರಂಜಕ, ದ್ವಿದಳ ಬೀಜ, ಕಾಂಪೋಸ್ಟನ್ನೂ ಸೇರಿಸಿ ಎಂದು ಕೇಳಬೇಕು. ಶ್ರೀಲಂಕಾ 2021ರಲ್ಲಿ ರಾಸಾಯನಿಕಗಳನ್ನು ಏಕಾಏಕಿ ನಿಷೇಧಿಸಿ, ಕೆಲವೇ ತಿಂಗಳಲ್ಲಿ ಹಿಂದೆಗೆದ ಮೇಲೆ ಅಧಿಕಾರಿಗಳು ಸಾವಯವ ಎಂದರೆ ಆ ಪ್ರಸಂಗವನ್ನೇ ಮುಂದಿಡುತ್ತಾರೆ. ಅದಕ್ಕೆ ಉತ್ತರವಾಗಿ ತೋರಿಸಲು ತಮ್ಮದೇ ತಾಲ್ಲೂಕಿನ ರೈತರು ಬರೆದಿಟ್ಟ ಹಂಗಾಮಿನ ಲೆಕ್ಕಪುಸ್ತಕ ಕೈಯಲ್ಲಿರಬೇಕು.

ಯೋಜನೆಯ ಹಣ ಮುಗಿಯುವ ಎರಡು ವರ್ಷ ಮೊದಲೇ ಬೀಜದ ವ್ಯವಸ್ಥೆಯನ್ನು ಊರಿನವರಿಗೆ ವಹಿಸಬೇಕು. ಡೆಸ್ಮೋಡಿಯಮ್ ಬೀಜ ದುಬಾರಿ, ಅಂಗಡಿಯಲ್ಲಿ ಸದಾ ಸಿಗುವಂಥದೂ ಅಲ್ಲ. ಪುಶ್-ಪುಲ್ ಹರಡುವುದು ಕುಂಟುತ್ತಿರುವುದಕ್ಕೆ ಇದೇ ಮುಖ್ಯ ಕಾರಣ. ಪ್ರತಿ ಗುಂಪಿನಲ್ಲೂ ಇಬ್ಬರು ಮೂವರು ರೈತರು ಒಂದು ತುಂಡು ನೆಲವನ್ನು ಬೀಜಕ್ಕೆಂದೇ ಬಿಡುವಂತೆ, ಉಳಿದವರು ಬಳ್ಳಿಯ ತುಂಡುಗಳನ್ನು ಮಳೆಗಾಲದ ಆರಂಭದಲ್ಲಿ ನೆಟ್ಟು ಹೊಸ ಹೊಲ ಮಾಡಿಕೊಳ್ಳುವಂತೆ ಕಲಿಸಬೇಕು. ಆ ಬೀಜವನ್ನು ಗುಂಪಿನ ಹೊರಗೆ ಮಾರುವ ಮುನ್ನ ಆ ದೇಶದ ಬೀಜ ಕಾಯಿದೆ ಏನು ಹೇಳುತ್ತದೆಂದು ಕೃಷಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.